ರಿಯೋ ನಗರದ ಬೆಕ್ಕುಗಳು

ಮಳೆಗಾಲದಲ್ಲಿ ಮೂಲೆಗಿಟ್ಟ ಚರ್ಮದ ಚಪ್ಪಲಿಯ ಮೇಲೆ, ಡಬ್ಬಿಯಲ್ಲಿ ಮರೆತುಬಿಟ್ಟ ರೊಟ್ಟಿಯ ಚೂರಿನ ಮೇಲೆ ನವಿರಾದ ಬೂಷ್ಟು ಬೆಳೆದಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಇದು ಶಿಲೀಂಧ್ರವರ್ಗಕ್ಕೆ ಸೇರಿದ ಜೀವಿ. ಹಸಿರು ಗಿಡಗಳಂತೆ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ. ಉದುರಿದ ಎಲೆ, ಮುರಿದ ಕೊಂಬೆ, ಒಣಹುಲ್ಲು ಮುಂತಾದವನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುತ್ತ, ಅದರಲ್ಲಿಯೇ ಇದು ತನ್ನ ಹೊಟ್ಟೆಯನ್ನೂ ಹೊರೆದುಕೊಳ್ಳುತ್ತದೆ. ಶಿಲೀಂಧ್ರಗಳಲ್ಲಿ ಬಹುಪಾಲು ನಮ್ಮ ಗೊಡವೆಗೆ ಬರುವುದಿಲ್ಲ. ನಮ್ಮ ಮೈಯ ಬಿಸುಪನ್ನು ಅವು ತಾಳಲಾರದಿರುವುದು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ಈ ಬಿಸುಪಿಗೂ ಒಗ್ಗಿಕೊಂಡ ಕೆಲವು ಶಿಲೀಂಧ್ರಗಳುಂಟು. ಅಂತಹ ಒಂದು ಶಿಲೀಂಧ್ರವು ದೊಡ್ಡ ನಗರವೊಂದರ ಬಡವರ ಕೇರಿಗಳಲ್ಲಿ ಹೇಗೆ ನೆಲೆಯೂರಿತೆಂಬುದನ್ನು ಈಗ ನೋಡೋಣ.

1896ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಒಬ್ಬ ರೋಗಿ ಬಂದನು. ಅವನ ಕೈಯಲ್ಲಿ ಹುಣ್ಣಾಗಿತ್ತು. ತೋಳಿನ ಮೇಲೆ ಗಂಟುಗಳೆದ್ದಿದ್ದವು. ಬೆಂಜಮಿನ್ ಶೆಂಕ್ ಎಂಬ ವೈದ್ಯವಿದ್ಯಾರ್ಥಿ ಆ ಹುಣ್ಣಿನ ರಸವನ್ನು ಪರೀಕ್ಷಿಸಿ, ಅದರಲ್ಲಿ ಶಿಲೀಂಧ್ರವನ್ನು ಕಂಡನು. ಈ ರೋಗಕ್ಕೆ ಸ್ಪೋರೋಟ್ರೈಕೋಸಿಸ್ ಎಂಬ ಹೆಸರು ಬಂದಿತು. ಇದರ ಶಿಲೀಂಧ್ರವು ಮಣ್ಣಿನಲ್ಲಿರುವಾಗ ನೂಲಿನಂತೆ ಹರಡಿಕೊಂಡಿರುತ್ತದೆ. ಮುಳ್ಳು ಚುಚ್ಚಿದಾಗ ಚರ್ಮದೊಳಕ್ಕೆ ಹೊಕ್ಕರೆ, ಮೈಯ ಬಿಸುಪಿಗೆ ರೂಪವನ್ನೇ ಬದಲಿಸಿ ಸಣ್ಣ ಸಣ್ಣ ಕಣಗಳಾಗುತ್ತದೆ. ಒಂದೇ ಜೀವಿಗೆ ಎರಡು ವೇಷ! ಗುಲಾಬಿ ಗಿಡದ ಆರೈಕೆ ಮಾಡುವವರಲ್ಲಿ ಆಗಾಗ ಕಂಡುಬಂದುದರಿಂದ ಇದನ್ನು ಗುಲಾಬಿ ತೋಟಗಾರರ ರೋಗವೆಂದೂ ಕರೆದರು. ನಮ್ಮ ದೇಶದಲ್ಲಿಯೂ ಹಿಮಾಚಲ ಪ್ರದೇಶದ ಬೆಟ್ಟದ ಹಳ್ಳಿಗಳ ರೈತರಲ್ಲಿ ಇದು ಕಾಣಿಸುವುದುಂಟು. ಅಲ್ಲಿ ಅದು ಬರುವುದು ಮಣ್ಣು ಮುಳ್ಳುಗಳಿಂದ. 1941ರಿಂದ 1944ರವರೆಗೆ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್ಯಾಂಡ್ ಪ್ರದೇಶದ ಚಿನ್ನದ ಗಣಿಗಳಲ್ಲಿ ಸುಮಾರು 3,000 ಕಾರ್ಮಿಕರು ಈ ರೋಗಕ್ಕೆ ತುತ್ತಾದರು. ಗಣಿಯ ಛಾವಣಿಗೆ ಆಧಾರವಾಗಿ ನಿಲ್ಲಿಸಿದ ಮರದ ಕಂಬಗಳಲ್ಲಿ ಶಿಲೀಂಧ್ರ ಬೆಳೆದಿದ್ದಿತು. ಕಂಬಗಳಿಗೆ ಔಷಧ ಬಳಿದರು, ಕಾರ್ಮಿಕರಿಗೆ ಔಷಧ ಕುಡಿಸಿದರು, ರೋಗ ಅಡಗಿತು. ಕಂಬವು ನಿಂತಲ್ಲಿಯೇ ನಿಂತಿರುತ್ತದೆ. ಆದರೆ ರೋಗದ ಮೂಲವು ಗೋಡೆ ಹಾರಿ ತಿರುಗಾಡುವಂತಹದಾದರೆ?

ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ಆದುದು ಅದೇ. ಆ ನಗರದಲ್ಲಿ ಓಸ್ವಾಲ್ಡೋ ಕ್ರೂಜ್ ಪ್ರತಿಷ್ಠಾನವೆಂಬ ಹೆಸರಾಂತ ವೈದ್ಯಕೀಯ ಸಂಶೋಧನಾ ಸಂಸ್ಥೆಯಿದೆ. 1998ರಿಂದೀಚೆಗೆ ಅಲ್ಲಿನ ಆಸ್ಪತ್ರೆಗೆ ಹುಣ್ಣು ಗಂಟುಗಳ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ಇವರಲ್ಲಿ ಗುಲಾಬಿ ಬೆಳೆಯುವವರು ವಿರಳ. ಗಣಿ ಕೆಲಸದವರಂತೂ ಇಲ್ಲ. ಬಹುಮಂದಿ ಮನೆಯಲ್ಲಿಯೇ ಇರುವ ಹೆಂಗಸರು. ವೈದ್ಯರು ವಿಚಾರಿಸಿದಾಗ ಹಲವರು ಹೇಳಿದ ಮಾತು ಒಂದೇ: "ಮನೆಯ ಬೆಕ್ಕು ಪರಚಿತು." ಬೆಕ್ಕುಗಳನ್ನು ಪರೀಕ್ಷಿಸಿದರು. ಅವುಗಳ ಮೂಗು, ಕಿವಿ, ಪಂಜಗಳ ಮೇಲೆ ಆಳವಾದ ಹುಣ್ಣುಗಳಿದ್ದವು. 2004ರ ವೇಳೆಗೆ ಆ ಒಂದು ಸಂಸ್ಥೆಯಲ್ಲಿಯೇ 759 ಮನುಷ್ಯರಲ್ಲಿ, 64 ನಾಯಿಗಳಲ್ಲಿ, 1,503 ಬೆಕ್ಕುಗಳಲ್ಲಿ ರೋಗ ಪತ್ತೆಯಾಯಿತು. ಮನುಷ್ಯರಿಗಿಂತ ಬೆಕ್ಕುಗಳ ಸಂಖ್ಯೆ ಸರಿಸುಮಾರು ಇಮ್ಮಡಿಯಾಗಿರುವುದನ್ನು ಗಮನಿಸಿರಿ. ಈ ಶಿಲೀಂಧ್ರವು ಹಳೆಯದಕ್ಕಿಂತ ಬೇರೆ ಜಾತಿಯದೆಂದು 2007ರಲ್ಲಿ ವಿಜ್ಞಾನಿಗಳು ನಿರ್ಧರಿಸಿ, ಅದಕ್ಕೆ ಸ್ಪೋರೋತ್ರಿಕ್ಸ್ ಬ್ರೆಜಿಲಿಯೆನ್ಸಿಸ್ ಎಂದು ಹೆಸರಿಟ್ಟರು.

ಹಳೆಯ ಶಿಲೀಂಧ್ರಕ್ಕೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ, ಇದು ಮಣ್ಣನ್ನೇ ಕಾಯಬೇಕಾಗಿಲ್ಲ. ಬೆಕ್ಕಿನ ಹುಣ್ಣಿನಲ್ಲಿ ಕಣಗಳ ರೂಪದಲ್ಲಿ ಇದು ಅಪಾರವಾಗಿ ತುಂಬಿಕೊಂಡಿರುತ್ತದೆ. ಅದೇ ರೂಪದಲ್ಲಿಯೇ ಇನ್ನೊಂದು ಪ್ರಾಣಿಗೆ ಹತ್ತುತ್ತದೆ. ರಾತ್ರಿಯ ವೇಳೆ ಗಂಡುಬೆಕ್ಕುಗಳು ಕಾದಾಡುವುದನ್ನು ನೀವು ಕೇಳಿರಬಹುದು. ಆ ಕಾದಾಟದಲ್ಲಿ ಉಗುರು ತಾಗಿದರೆ ಸಾಕು, ಹಲ್ಲು ನಾಟಿದರೆ ಸಾಕು. ಮೂಗಿನಲ್ಲಿ ಹುಣ್ಣಾದ ಬೆಕ್ಕು ಸೀನಿದಾಗ ಹಾರುವ ತುಂತುರಿನಲ್ಲಿಯೂ ರೋಗಾಣುಗಳಿರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಈ ರೋಗ ಸಾಮಾನ್ಯವಾಗಿ ಹರಡದು. ಮನುಷ್ಯರಲ್ಲಿ ಇದು ಬಹುಮಟ್ಟಿಗೆ ಚರ್ಮದ ಹುಣ್ಣಾಗಿಯೇ ಉಳಿಯುತ್ತದೆ. ಆದರೆ ಏಡ್ಸ್ ಮೊದಲಾದ ಕಾಯಿಲೆಗಳಿಂದ ಮೈಯ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಎಲುಬು, ಶ್ವಾಸಕೋಶ, ಮಿದುಳುಗಳಿಗೂ ಹೊಕ್ಕು ಪ್ರಾಣಕ್ಕೆ ಎರವಾಗಬಹುದು.

ರಿಯೋ ಎಂದೊಡನೆ ಕಡಲತೀರವೂ ಬೆಟ್ಟದ ತುದಿಯ ಕ್ರಿಸ್ತನ ಮೂರ್ತಿಯೂ ನೆನಪಿಗೆ ಬರುತ್ತವೆ. ರೋಗ ಬೇರೂರಿದುದು ಆ ಚಿತ್ರಪಟದ ರಿಯೋದಲ್ಲಲ್ಲ. ನಗರದ ಅಂಚಿನಲ್ಲಿ, ನೆರೆಯ ದೂಕೆ ದೆ ಕಶಿಯಾಸ್ ಮೊದಲಾದ ಊರುಗಳಲ್ಲಿ, ಕೂಲಿನಾಲಿ ಮಾಡಿ ಬದುಕುವವರ ಬಡಾವಣೆಗಳಲ್ಲಿ ಅದು ಹಬ್ಬಿತು. ಅಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಕಸ ಕೊಳೆಯುವಲ್ಲಿ ಇಲಿಗಳು ಹೆಚ್ಚುತ್ತವೆ. ಇಲಿಗಳ ಕಾಟಕ್ಕೆ ಜನರು ಬೆಕ್ಕು ಸಾಕುತ್ತಾರೆ. ಬೆಕ್ಕನ್ನು ಕಟ್ಟಿಹಾಕುವವರಾರು? ಅದು ಹಗಲು ಒಂದು ಮನೆಯಲ್ಲಿ ಉಂಡು, ರಾತ್ರಿ ಹತ್ತು ಮನೆಗಳ ಛಾವಣಿಯ ಮೇಲೆ ಸುತ್ತುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟವೂ ಕಾದಾಟವೂ ಕಡಿಮೆಯಾಗುವುವು. ಆದರೆ ಅದಕ್ಕೂ ಹಣ ಬೇಕು, ಪಶುವೈದ್ಯರು ಹತ್ತಿರದಲ್ಲಿರಬೇಕು. ರೋಗಿ ಬೆಕ್ಕಿನ ಹುಣ್ಣು ತೊಳೆಯುವವಳು, ಅದಕ್ಕೆ ಉಣಿಸುವವಳು ಮನೆಯ ಹೆಂಗಸೇ. ಅವಳ ಕೈಗೆ ಮೊದಲು ರೋಗ ತಗಲುವುದರಲ್ಲಿ ಆಶ್ಚರ್ಯವೇನು?

ಈ ರೋಗಕ್ಕೆ ಔಷಧವಿಲ್ಲವೆಂದಲ್ಲ. ಇಟ್ರಾಕೊನಜೋಲ್ ಎಂಬ ಔಷಧ ಮನುಷ್ಯನಿಗೂ ಬೆಕ್ಕಿಗೂ ಗುಣ ಕೊಡುತ್ತದೆ. ತೊಡಕಿರುವುದು ಅವಧಿಯಲ್ಲಿ. ಬೆಕ್ಕಿಗೆ ದಿನವೂ ತಪ್ಪದೆ, ತಿಂಗಳುಗಟ್ಟಲೆ ಕೊಡಬೇಕು. ಹುಣ್ಣು ಮಾಯವಾದ ಮೇಲೆಯೂ ಕನಿಷ್ಠ ಒಂದು ತಿಂಗಳು ಮುಂದುವರಿಸಬೇಕು. ನಡುವೆ ನಿಲ್ಲಿಸಿದರೆ ರೋಗ ಮರಳುವುದು. ಮಕ್ಕಳ ಊಟಕ್ಕೇ ಲೆಕ್ಕ ಹಾಕುವ ಮನೆಯಲ್ಲಿ ಬೆಕ್ಕಿನ ಔಷಧಕ್ಕೆ ಹಣ ಎಲ್ಲಿಂದ ಬರಬೇಕು? ಹೀಗಾಗಿ ಕೆಲವರು ಬೆಕ್ಕನ್ನು ದೂರದ ಬೀದಿಯಲ್ಲಿ ಬಿಟ್ಟುಬಂದರು. ಪೀಡೆ ತೊಲಗಿತೆಂದು ಅವರ ಭಾವನೆ. ಆದರೆ ಬಿಟ್ಟ ಬೆಕ್ಕು ಹೊಸ ಬೀದಿಯ ಬೆಕ್ಕುಗಳೊಡನೆ ಕಾದಾಡಿತು. ರೋಗವು ಒಂದು ಕೇರಿಯಿಂದ ಇನ್ನೊಂದಕ್ಕೆ ದಾಟಿತು. ಸತ್ತ ಬೆಕ್ಕನ್ನು ಹಿತ್ತಿಲಲ್ಲಿಯೋ ಪಾಳುನಿವೇಶನದಲ್ಲಿಯೋ ಹೂಳಿದರು. ಶಿಲೀಂಧ್ರ ಮತ್ತೆ ಮಣ್ಣಿಗೆ ಇಳಿಯಲು ದಾರಿಯಾಯಿತು. ಸುಡುವುದೇ ಸರಿಯೆಂದು ವೈದ್ಯರು ಹೇಳುತ್ತಾರೆ. ಬಡವರ ಕೇರಿಯಲ್ಲಿ ಅದಕ್ಕೆ ಅನುಕೂಲವೆಲ್ಲಿ? ಬೆಕ್ಕನ್ನು ಬಿಟ್ಟವರನ್ನು ನಿಷ್ಕರುಣಿಗಳೆಂದು ಜರೆಯುವುದು ಸುಲಭ. ಅವರ ಮನೆಯಲ್ಲಿ ಒಂದು ದಿನ ನಿಂತು ನೋಡಿದರೆ ಹಾಗೆನ್ನಲು ಬಾಯಿ ಬಾರದು.

ಸರ್ಕಾರವೂ ನಿಧಾನವಾಗಿಯೇ ಎಚ್ಚೆತ್ತಿತು. ಈ ರೋಗ ಕಂಡ ಕೂಡಲೆ ವೈದ್ಯರು ವರದಿ ಮಾಡಲೇಬೇಕೆಂದು ರಿಯೋ ಪ್ರಾಂತ್ಯದಲ್ಲಿ ವಿಧಿಸಿದುದು 2013ರಲ್ಲಿ. ಅಷ್ಟರಲ್ಲಿ 15 ವರ್ಷಗಳು ಕಳೆದಿದ್ದವು. ಎಣಿಕೆಗೆ ಸಿಗದ ರೋಗಕ್ಕೆ ಹಣ ಮಂಜೂರಾಗುವುದು ಎಲ್ಲಿಯೂ ಕಷ್ಟವೇ. ಆ ವೇಳೆಗೆ ರೋಗವು ಬ್ರೆಜಿಲಿನ ಇತರ ಪ್ರಾಂತ್ಯಗಳನ್ನು ಮುಟ್ಟಿತ್ತು. ಅದು ನೆರೆಯ ಅರ್ಜೆಂಟೀನ, ಪರಗ್ವೆ ದೇಶಗಳಲ್ಲಿಯೂ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ ಮೂವರಿಗೆ ಇದು ತಗುಲಿದ ಸಂಗತಿ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬರು ಪಶುವೈದ್ಯರು. ಬೆಕ್ಕು ಕೆಲವು ವರ್ಷಗಳ ಹಿಂದೆ ಬ್ರೆಜಿಲಿನಿಂದ ತನ್ನ ಯಜಮಾನರೊಡನೆ ಬಂದುದಾಗಿತ್ತು.

ರಿಯೋದ ವೈದ್ಯರು ಇಂದು ಬೆಕ್ಕನ್ನು ತಂದವರಿಗೆ ಮೊದಲು ಹೇಳುವ ಮಾತು, ಅದನ್ನು ಬೀದಿಗೆ ಬಿಡಬೇಡಿರೆಂದು. ಗುಣವಾಗುವವರೆಗೆ ಒಂದು ಕೋಣೆಯಲ್ಲಿಯೋ ಗೂಡಿನಲ್ಲಿಯೋ ಕೂಡಿಹಾಕಬೇಕು. ಮುಟ್ಟುವಾಗ ಕೈಗವಸು ತೊಡಬೇಕು. ಬಾಯಿಗೆ ಗುಳಿಗೆ ತುರುಕಲು ಹೋದರೆ ಬೆಕ್ಕು ಕಚ್ಚುತ್ತದೆ. ಆದುದರಿಂದ ಗುಳಿಗೆಯ ಹೊದಿಕೆಯನ್ನು ಬಿಚ್ಚಿ, ಒಳಗಿನ ಔಷಧವನ್ನು ಅದು ಇಷ್ಟಪಡುವ ತಿನಿಸಿನಲ್ಲಿ ಬೆರೆಸಿ, ಪೂರ್ತಿ ತಿನ್ನುವವರೆಗೆ ದೂರ ನಿಂತು ಕಾಯಬೇಕು. ಮರುದಿನ ಮತ್ತೆ ಹಾಗೆಯೇ.