ಸರ್ಟಿಫಿಕೇಟ್ ನಂಬಲಾರೆ ಎಂದಾಗ

ಗಿಟ್ ಪುಲ್ ಮಾಡಲು ಹೋದರೆ ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯುಯರ್ ಸರ್ಟಿಫಿಕೇಟ್’ ಎನ್ನುತ್ತದೆ. ಜಾವಾ ಆದರೆ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂದು ಪುಟಗಟ್ಟಲೆ ಸುರಿಯುತ್ತದೆ. ಅದೇ ವಿಳಾಸ ಕ್ರೋಮ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತದೆ! ಹೊಸಬರು ಇಲ್ಲಿ ಕಂಗಾಲಾಗಿ, ಎಲ್ಲೋ ಸಿಕ್ಕ ಒಂದು ಸಾಲು ಅಂಟಿಸಿ ಮುಂದೆ ಹೋಗುತ್ತಾರೆ. ಆ ಒಂದು ಸಾಲಿನದೇ ನನಗೆ ಚಿಂತೆ.

• ತಪಾಸಣೆಯನ್ನೇ ಆಫ್ ಮಾಡಬೇಡ. ಗಿಟ್‌ನ ಎಸ್‌ಎಸ್‌ಎಲ್‌ವೆರಿಫೈ ಫಾಲ್ಸ್, ಕರ್ಲ್‌ನ ಮೈನಸ್ ಕೆ, ಎನ್‌ಪಿಎಂನ ಸ್ಟ್ರಿಕ್ಟ್-ಎಸ್‌ಎಸ್‌ಎಲ್ ಫಾಲ್ಸ್, ಎಲ್ಲದರ ಪರಿಣಾಮ ಒಂದೇ. ಚಿಲಕ ಬಿಗಿಯಾಯಿತೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಎನ್‌ಕ್ರಿಪ್ಷನ್ ಇದ್ದೇ ಇರುತ್ತದಲ್ಲ ಎನ್ನುವವರಿದ್ದಾರೆ. ನಡುವೆ ಕೂತ ಕಳ್ಳನ ಜೊತೆಗೇ ಗುಟ್ಟಾಗಿ ಮಾತಾಡಿದರೆ ಏನು ಬಂತು? ನಿನ್ನ ಟೋಕನ್ ನೇರ ಅವನ ಕೈಗೇ ಹೋಗುತ್ತದೆ.

• ಮೊದಲು ಸರ್ಟಿಫಿಕೇಟ್‌ಗಳ ಸರಪಳಿಯನ್ನು ಕಣ್ಣಾರೆ ನೋಡು. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಕಮಾಂಡಿಗೆ ಕನೆಕ್ಟ್, ಸರ್ವರ್‌ನೇಮ್, ಶೋಸರ್ಟ್ಸ್ ಆಯ್ಕೆಗಳನ್ನು ಕೊಟ್ಟು ಓಡಿಸು. ಒಂದೇ ಐಪಿಯಲ್ಲಿ ಹಲವು ಸೈಟ್‌ಗಳಿರುವುದರಿಂದ ಸರ್ವರ್‌ನೇಮ್ ಮರೆಯಬೇಡ. ಬರುವ ಪಟ್ಟಿಯಲ್ಲಿ ‘ಎಸ್’ ಎಂದರೆ ಸರ್ಟಿಫಿಕೇಟ್ ಯಾರದ್ದು, ‘ಐ’ ಎಂದರೆ ಕೊಟ್ಟವರು ಯಾರು. ಒಂದರ ‘ಐ’ ಮುಂದಿನದರ ‘ಎಸ್’ಗೆ ತಾಳೆಯಾಗಬೇಕು. ಕೊನೆಯ ವೆರಿಫೈ ಕೋಡ್ ಕೂಡ ಓದು: 10 ಎಂದರೆ ಅವಧಿ ಮುಗಿದಿದೆ, 18 ಎಂದರೆ ತನಗೆ ತಾನೇ ಸಹಿ ಹಾಕಿಕೊಂಡದ್ದು, 20 ಎಂದರೆ ಕೊಟ್ಟವರ ಸರ್ಟಿಫಿಕೇಟ್ ನಿನ್ನ ಯಂತ್ರಕ್ಕೆ ಸಿಗುತ್ತಿಲ್ಲ.

• ಪಟ್ಟಿಯಲ್ಲಿ ಒಂದೇ ಸರ್ಟಿಫಿಕೇಟ್ ಇದ್ದರೆ ಸಾಮಾನ್ಯವಾಗಿ ತಪ್ಪು ಸರ್ವರಿನದು. ಅದು ನಡುವಿನ ಸರ್ಟಿಫಿಕೇಟನ್ನು ಕಳಿಸುತ್ತಿಲ್ಲ. ಕ್ರೋಮ್ ಅದನ್ನು ತಾನೇ ಹುಡುಕಿ ತಂದುಕೊಳ್ಳಬಲ್ಲದು. ಲಿನಕ್ಸ್‌ನಲ್ಲಿ ಗಿಟ್, ಕರ್ಲ್, ಪೈಥಾನ್ ಆ ಉಸಾಬರಿಗೆ ಹೋಗುವುದಿಲ್ಲ. ಬ್ರೌಸರ್‌ಗೂ ಟೂಲ್‌ಗೂ ಜಗಳ ಬರುವುದು ಬಹುತೇಕ ಇಲ್ಲೇ. ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ಎನ್‌ಜಿನ್‌ಎಕ್ಸ್‌ಗೆ ಸರ್ಟ್.ಪೆಮ್ ಅಲ್ಲ, ಫುಲ್‌ಚೈನ್.ಪೆಮ್ ಕೊಡಬೇಕು. ಕೊಟ್ಟಮೇಲೆ ರೀಲೋಡ್ ಮಾಡು, ಇಲ್ಲದಿದ್ದರೆ ಹಳೆಯದೇ ಓಡುತ್ತಿರುತ್ತದೆ.

• ‘ಐ’ ಸಾಲಿನಲ್ಲಿ ನಿನ್ನ ಕಂಪನಿಯ ಹೆಸರಿದ್ದರೆ, ಅದು ಒಳಗಿನ ಸರ್ವರ್, ಇಲ್ಲವೇ ಆಫೀಸಿನ ಪ್ರಾಕ್ಸಿ ನಡುವೆ ನಿಂತು ಸಂಪರ್ಕವನ್ನು ಬಿಚ್ಚಿ ನೋಡುತ್ತಿದೆ. ಐಟಿ ವಿಭಾಗದವರಿಂದಲೇ ರೂಟ್ ಸರ್ಟಿಫಿಕೇಟ್ ಪಡೆದು, ಫಿಂಗರ್‌ಪ್ರಿಂಟ್ ತಾಳೆ ನೋಡಿ, ಆಮೇಲೆ ಸೇರಿಸು. ಉಬುಂಟುವಿನಲ್ಲಿ ಯುಎಸ್‌ಆರ್/ಲೋಕಲ್/ಶೇರ್ ಕೆಳಗಿನ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರಿಗೆ ಹಾಕಿ ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್ ಓಡಿಸು. ಫೈಲಿನ ಹೆಸರು ಡಾಟ್ ಸಿಆರ್‌ಟಿ ಎಂದೇ ಮುಗಿಯಬೇಕು, ಬೇರೆ ಇದ್ದರೆ ಸುಮ್ಮನೆ ಬಿಟ್ಟುಬಿಡುತ್ತದೆ. ಸಿಕ್ಕ ಸಿಕ್ಕ ರೂಟನ್ನೆಲ್ಲ ಸೇರಿಸಬೇಡ. 2014ರ ಜುಲೈನಲ್ಲಿ ನಮ್ಮ ಸರ್ಕಾರದ ಎನ್‌ಐಸಿಯ ಕಡೆಯಿಂದಲೇ ಗೂಗಲ್ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿದ್ದವು, ವಿಂಡೋಸ್ ಅವನ್ನು ನಂಬುವ ಸ್ಥಿತಿಯಲ್ಲಿತ್ತು.

• ಸಿಸ್ಟಮ್ಮಿಗೆ ಸೇರಿಸಿದರೆ ಮುಗಿಯಲಿಲ್ಲ, ಹಲವು ಟೂಲ್‌ಗಳಿಗೆ ತಮ್ಮದೇ ಪಟ್ಟಿಯಿದೆ. ಜಾವಾದ್ದು ಸಿಎಸರ್ಟ್ಸ್, ಕೀಟೂಲ್‌ನಿಂದ ಸೇರಿಸಬೇಕು, ಪಾಸ್‌ವರ್ಡ್ ಮೊದಲಿಗೆ ‘ಚೇಂಜ್‌ಇಟ್’ ಎಂದಿರುತ್ತದೆ. ಹೊಸ ಜೆಡಿಕೆ ಹಾಕಿದಾಗ ಮತ್ತೆ ಸೇರಿಸಬೇಕಾದೀತು. ನೋಡ್‌ಗೆ ನೋಡ್_ಎಕ್ಸ್‌ಟ್ರಾ_ಸಿಎ_ಸರ್ಟ್ಸ್, ಪೈಥಾನ್‌ನ ರಿಕ್ವೆಸ್ಟ್ಸ್‌ಗೆ ರಿಕ್ವೆಸ್ಟ್ಸ್_ಸಿಎ_ಬಂಡಲ್. ವಿಂಡೋಸ್‌ನ ಗಿಟ್‌ನಲ್ಲಿ ಎಸ್‌ಎಸ್‌ಎಲ್‌ಬ್ಯಾಕೆಂಡನ್ನು ಎಸ್‌ಚಾನೆಲ್ ಎಂದಿಟ್ಟರೆ ವಿಂಡೋಸ್ ನಂಬುವುದನ್ನೇ ಗಿಟ್ ಕೂಡ ನಂಬುತ್ತದೆ. ಡಾಕರ್ ಕಂಟೇನರ್ ಹೊರಗಿನದನ್ನು ನೋಡುವುದೇ ಇಲ್ಲ, ಇಮೇಜಿನೊಳಗೇ ಹಾಕು.

• ಯಂತ್ರದ ದಿನಾಂಕ, ಗಡಿಯಾರ ನೋಡು. ಹಳೆಯ ಯಂತ್ರವಾದರೆ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜನ್ನೂ ನೋಡು. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿದಾಗ, ಓಪನ್‌ಎಸ್‌ಎಸ್‌ಎಲ್ 1.0.2 ಇಟ್ಟುಕೊಂಡಿದ್ದವರಿಗೆ ಸರಿಯಾಗಿದ್ದ ಸೈಟ್‌ಗಳೂ ತೆರೆಯಲಿಲ್ಲ.

• ಲೋಕಲ್‌ಹೋಸ್ಟ್‌ಗೆ ಎಂಕೆಸರ್ಟ್ ಎಂಬ ಟೂಲ್ ಸಾಕು. ಅದು ಹುಟ್ಟಿಸುವ ರೂಟ್ ಕೀಯನ್ನು ಮಾತ್ರ ಯಾರಿಗೂ ಕೊಡಬೇಡ.

• ನವೀಕರಣವನ್ನು ಕೈಯಲ್ಲಿ ಮಾಡುವ ಕಾಲ ಮುಗಿಯಿತು. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2029ರಲ್ಲಿ 47 ದಿನ ಎಂದು ನಿಗದಿಯಾಗಿದೆ.

ಇನ್ನೊಂದು ಕೆಲಸ ಇವತ್ತೇ ಮಾಡು. ನಿನ್ನ ಕೋಡ್, ಬಿಲ್ಡ್ ಸ್ಕ್ರಿಪ್ಟ್, ಗಿಟ್ ಕಾನ್ಫಿಗ್ ಎಲ್ಲ ಕಡೆ ವೆರಿಫೈ ಫಾಲ್ಸ್ ಎಂದು ಹುಡುಕು. ಸಿಕ್ಕರೆ ಅಳಿಸು, ಆ ದಾರಿಯಲ್ಲಿ ಹೋಗಿದ್ದ ಟೋಕನ್ ಮತ್ತು ಪಾಸ್‌ವರ್ಡ್‌ಗಳನ್ನು ಬದಲಿಸಿಬಿಡು.