ಸತ್ತವರ ಜೊತೆ ಬದುಕುವುದು: ‘ದಿ ವಾಕಿಂಗ್ ಡೆಡ್’ ಮತ್ತು ನಮ್ಮ ಕುಲೆಗಳು

ಜೊಂಬಿ ಸೀರಿಯಲ್ ಅಂದ ಕೂಡಲೇ ಹಾಸ್ಟೆಲಿನಲ್ಲಿ ಏಳುವ ಪ್ರಶ್ನೆ ಒಂದೇ: ಮಣಿಪಾಲಕ್ಕೆ ಜೊಂಬಿ ಬಂದರೆ ಎಲ್ಲಿ ಅಡಗುವುದು? ಮಲ್ಪೆಯಿಂದ ಬೋಟು ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾ, ಕಾಪು ಲೈಟ್‌ಹೌಸ್ ಹತ್ತಿ ಬಾಗಿಲು ಹಾಕಿಕೊಳ್ಳುವುದಾ? ಲೈಟ್‌ಹೌಸಿಗೆ ಊಟ ಯಾರು ತರ್ತಾರೆ ಅಂತ ಯಾರೂ ಕೇಳುವುದಿಲ್ಲ. ಇರಲಿ. ಅನ್ನ, ನೀರು, ಗೋಡೆ, ಇದೆಲ್ಲ ಇಂಜಿನಿಯರಿಂಗ್ ಪ್ರಶ್ನೆಗಳು. ನಮಗೆ ಇಷ್ಟವಾಗುವುದು ಸಹಜ. ಆದರೆ ‘ದಿ ವಾಕಿಂಗ್ ಡೆಡ್’ 2010ರಿಂದ 2022ರವರೆಗೆ 11 ಸೀಸನ್, 177 ಎಪಿಸೋಡು ಓಡಿದ್ದು ಈ ಪ್ರಶ್ನೆಗಳ ಬಲದಿಂದ ಅಲ್ಲ ಅನ್ನುವುದು ನಮ್ಮ ಅಭಿಪ್ರಾಯ. ನಮ್ಮವರೇ ಸತ್ತಾಗ ಅವರನ್ನು ಏನು ಮಾಡುವುದು ಎಂಬ ಪ್ರಶ್ನೆಯೇ ಅದನ್ನು ಓಡಿಸಿದ್ದು. (ಮುಂದೆ ಸ್ಪಾಯ್ಲರ್ ಉಂಟು.)

ಈ ಕಥೆಯ ಲೋಕದಲ್ಲಿ ಒಂದು ನಿಯಮ: ಕಚ್ಚಿಸಿಕೊಳ್ಳಲೇಬೇಕೆಂದಿಲ್ಲ, ಹೇಗೆ ಸತ್ತರೂ ಎದ್ದು ಬರುತ್ತಾರೆ. ಬದುಕಿದವರೆಲ್ಲರ ಮೈಯಲ್ಲೂ ಸೋಂಕು ಆಗಲೇ ಉಂಟು ಅಂತ ಎರಡನೇ ಸೀಸನ್ನಿನ ಕೊನೆಗೆ ಗೊತ್ತಾಗುತ್ತದೆ. ಅಂದರೆ ಅಳುವುದಕ್ಕೆ ಮೊದಲೇ, ತೀರಿಹೋದವರ ತಲೆಗೆ ಮನೆಯವರೇ ಏಟು ಹಾಕಬೇಕು. ಮೊದಲ ಎಪಿಸೋಡಿನಲ್ಲಿ ಮಾರ್ಗನ್ ಕಿಟಕಿಯಿಂದ ಹೆಂಡತಿಗೆ ಗುರಿ ಹಿಡಿಯುತ್ತಾನೆ, ಗುಂಡು ಹಾರಿಸಲು ಆಗುವುದಿಲ್ಲ. ಆಂಡ್ರಿಯಾ ತಂಗಿಯ ಹೆಣ ಬಿಟ್ಟು ಏಳುವುದೇ ಇಲ್ಲ. ಗ್ಲೆನ್ ಹಟ ಹಿಡಿಯುತ್ತಾನೆ: ವಾಕರ್‌ಗಳನ್ನು ಸುಡಿ, ನಮ್ಮವರನ್ನು ಹೂಳಲೇಬೇಕು. ಜಾರ್ಜಿಯಾದ ಬಿಸಿಲಲ್ಲಿ ಹೊಂಡ ತೋಡುವುದರಿಂದ ಎಂತ ಲಾಭ? ಬದುಕುಳಿಯುವ ಲೆಕ್ಕದಲ್ಲಿ ಸೊನ್ನೆ. ಆದರೂ ತೋಡುತ್ತಾರೆ.

ನಮ್ಮ ಕರಾವಳಿಯೂ ಇಂಥದ್ದನ್ನು ನೋಡಿದೆ, ಅದೂ ತಲೆಕೆಳಗಾಗಿ. 2020ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಕೋವಿಡ್‌ನಿಂದ ತೀರಿಹೋದ ಒಬ್ಬರ ಶವ ಸುಡಲು ಊರಿನವರು ಬಿಡದೆ, ಕೊನೆಗೆ ಬಂಟ್ವಾಳದ ಕಡೆ ದಹನ ಮಾಡಬೇಕಾಯಿತು. ಹೆಣ ಎದ್ದು ಕಚ್ಚುತ್ತದೆ ಅಂತ ಯಾರೂ ನಂಬಿರಲಿಲ್ಲ. ನಡೆದುಕೊಂಡದ್ದು ಮಾತ್ರ ಹಾಗೇ.

ಸೀರಿಯಲಿನ ಅತ್ಯಂತ ಗಟ್ಟಿ ಭಾಗ ಎರಡನೇ ಸೀಸನ್ನಿನ ಮೊದಲ ಏಳು ಎಪಿಸೋಡು. ಕೆರೊಲ್‌ಳ ಮಗಳು ಸೋಫಿಯಾ ಹೆದ್ದಾರಿಯ ಪಕ್ಕದ ಕಾಡಿನಲ್ಲಿ ಕಾಣೆಯಾಗುತ್ತಾಳೆ. ಎಲ್ಲರೂ ದಿನಗಟ್ಟಲೆ ಹುಡುಕುತ್ತಾರೆ. ‘ಎಂತದ್ದು ಮಾರಾಯ್ರೆ, ಕಥೆ ಮುಂದೆ ಹೋಗುವುದೇ ಇಲ್ಲ’ ಅಂತ ಬೈದವರು ನಮ್ಮಲ್ಲೂ ಇದ್ದಾರೆ. ಆದರೆ ಕಾಣೆಯಾದವರ ಮನೆಯಲ್ಲಿ ದಿನ ಹೋಗುವುದು ಹೀಗೆಯೇ. ಇವರು ಉಳಿದುಕೊಂಡ ತೋಟದ ಯಜಮಾನ ಹರ್ಷಲ್ ಮುದುಕ. ಅವನು ವಾಕರ್‌ಗಳನ್ನು ಕೊಟ್ಟಿಗೆಯಲ್ಲಿ ಕೂಡಿ ಹಾಕಿ ಕೋಳಿ ತಿನ್ನಿಸುತ್ತಿದ್ದಾನೆ. ಅವನ ಪ್ರಕಾರ ಅವರು ಸತ್ತಿಲ್ಲ, ಕಾಯಿಲೆ ಅಷ್ಟೆ. ಅವರಲ್ಲಿ ಅವನ ಹೆಂಡತಿಯೂ ಇದ್ದಾಳೆ. ಕೊನೆಗೆ ಶೇನ್ ಆ ಬಾಗಿಲು ಒಡೆಯುತ್ತಾನೆ. ಎಲ್ಲ ವಾಕರ್‌ಗಳು ಬಿದ್ದ ಮೇಲೆ ಹೊರಗೆ ಬರುವವಳು ಸೋಫಿಯಾ. ಅಷ್ಟು ದಿನ ಕಾಡೆಲ್ಲ ಹುಡುಕಿದ ಮಗು ಅದೇ ಕೊಟ್ಟಿಗೆಯಲ್ಲಿತ್ತು.

ಶೋಕ ಅಂದರೆ ‘ಐದು ಹಂತ’ ಅಂತ ಎಲ್ಲರೂ ಹೇಳುತ್ತೇವೆ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ಟೈಮ್‌ಟೇಬಲ್ ಅದಲ್ಲ. ಈ ಕೊಟ್ಟಿಗೆಗೆ ಹೆಚ್ಚು ಹೊಂದುವುದು ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆಯ ಮಾತು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು ಅಧ್ಯಯನ ಮಾಡಿದ ಆಕೆ, ಮುಗಿಯದ ಅಗಲಿಕೆಯಲ್ಲಿ ಎರಡು ಬಗೆ ಗುರುತಿಸಿದರು. ಒಂದು, ದೇಹ ಇಲ್ಲ, ವ್ಯಕ್ತಿ ಮನಸ್ಸಿನಲ್ಲಿ ಇದ್ದಾನೆ. ಇನ್ನೊಂದು, ದೇಹ ಎದುರಿಗೇ ಉಂಟು, ವ್ಯಕ್ತಿ ಇಲ್ಲ. ಮರೆವಿನ ಕಾಯಿಲೆಯ ಅಜ್ಜ ಅಜ್ಜಿಯರನ್ನು ನೋಡಿಕೊಂಡವರಿಗೆ ಇದು ಗೊತ್ತು. ಕೆರೊಲ್ ಮೊದಲನೆಯದು, ಹರ್ಷಲ್ ಎರಡನೆಯದು. ಒಂದೇ ತೋಟದಲ್ಲಿ ಇಬ್ಬರನ್ನೂ ಇಟ್ಟದ್ದು ಬರೆದವರ ಜಾಣ್ಮೆ.

ಹರ್ಷಲ್‌ನ ತೊಂದರೆ ಸತ್ತವರಿಗೆ ಅನ್ನ ಹಾಕಿದ್ದಲ್ಲ. ಅದನ್ನು ನಾವೂ ಮಾಡುತ್ತೇವಲ್ಲ! ತುಳುವಿನಲ್ಲಿ ಸತ್ತವರ ಆತ್ಮಕ್ಕೆ ‘ಕುಲೆ’ ಅನ್ನುತ್ತಾರೆ. ಕಾಪು, ಕಾರ್ಕಳ ಕಡೆಯ ಮನೆಗಳಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವುದುಂಟು. ಮದುವೆಯಾಗದೆ ತೀರಿಹೋದವರಿಗೆ ‘ಕುಲೆ ಮದಿಮೆ’ಯೂ ಉಂಟು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿಯಲ್ಲಿ ಬದುಕಿದ್ದವರ ಮದುವೆ ಇಡುವುದಿಲ್ಲ. ಸತ್ತವರ ಮದುವೆಗೆ ಅದೇ ಕಾಲ. ಗಂಡಿನ ಕಡೆ, ಹೆಣ್ಣಿನ ಕಡೆ, ಸೀರೆ, ಊಟ ಎಲ್ಲ ಇರುತ್ತದೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷ ಹಿಂದೆ ತೀರಿಹೋದ ಮಗಳಿಗೆ ಪ್ರೇತ ವರ ಬೇಕೆಂದು ಪತ್ರಿಕೆಗೆ ಜಾಹೀರಾತು ಕೊಟ್ಟಾಗ ದೇಶವೆಲ್ಲ ಅಚ್ಚರಿಪಟ್ಟಿತು. ನಮ್ಮ ಕಡೆಯವರಿಗೆ ಅಷ್ಟೇನೂ ಅಚ್ಚರಿಯಲ್ಲ.

ವ್ಯತ್ಯಾಸ ಇರುವುದು ಇಲ್ಲಿ. ಹರ್ಷಲ್ ಸತ್ತವರನ್ನು ಬದುಕಿದವರಂತೆ ಬಚ್ಚಿಟ್ಟ. ಕುಲೆಗೆ ಎಲೆ ಹಾಕುವವರು ಸಾವನ್ನು ಒಪ್ಪಿಕೊಂಡು, ಸತ್ತವರಿಗೆ ಒಂದು ಜಾಗ, ಒಂದು ದಿನ, ಒಂದು ಊಟ ನಿಗದಿ ಮಾಡುತ್ತಾರೆ. ಸಂಬಂಧ ಕಡಿಯದೆಯೂ ಶೋಕ ನಡೆಯಬಲ್ಲದು ಅಂತ ಪಶ್ಚಿಮದ ಮನಶ್ಶಾಸ್ತ್ರ ಒಂದು ಪುಸ್ತಕ ಮಾಡಿ ವಾದಿಸಿದ್ದು 1996ರಲ್ಲಿ. ಹಾಗಂತ ನಾವು ಬೆನ್ನು ತಟ್ಟಿಕೊಳ್ಳುವುದೂ ಬೇಡ. ಸತ್ತ ಮೇಲೂ ಜಾತಿ, ಬರಿ ನೋಡಿಯೇ ಸಂಬಂಧ. ಮನೆಯ ಕಷ್ಟಕ್ಕೆಲ್ಲ ಕುಲೆಯೇ ಕಾರಣ ಅಂತ ಸಾಲ ಮಾಡಿಸುವವರೂ ಇದ್ದಾರೆ.

ಇನ್ನೊಂದು ತೊಡಕು: ಕುಲೆಗೆ ಬಡಿಸಬೇಕಾದರೆ ಸತ್ತದ್ದು ಖಚಿತವಾಗಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನಲ್ಲಿ ಏಳು ಮಂದಿ ಮೀನುಗಾರರಿದ್ದರು. ಎರಡು ದಿನದಲ್ಲಿ ಸಂಪರ್ಕ ತಪ್ಪಿತು. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಬೋಟು ಸಿಕ್ಕಿತು, ಏಳು ಮಂದಿ ಸಿಗಲಿಲ್ಲ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಯಾವ ಕ್ರಿಯೆ ಮಾಡುವುದು? ಮಾಡಿದರೆ ಬದುಕಿದ್ದವರನ್ನು ಕೊಂದ ಹಾಗೆ, ಮಾಡದಿದ್ದರೆ ಸತ್ತವರನ್ನು ಹಸಿದಿಟ್ಟ ಹಾಗೆ. ಸುದ್ದಿಯಿಲ್ಲದವರನ್ನು ಕಾನೂನು ಏಳು ವರ್ಷ ಕಾದು ಸತ್ತರೆಂದು ಭಾವಿಸುತ್ತದೆ. ಹನ್ನೆರಡು ವರ್ಷ ಕಾಯುವ ಸಂಪ್ರದಾಯವೂ ಉಂಟು. ಲೆಕ್ಕ ಬೇರೆ ಬೇರೆ ಇರಬಹುದು, ಒಂದು ತಾರೀಕು ಬೇಕು ಅನ್ನುವುದನ್ನು ಎರಡೂ ಒಪ್ಪಿವೆ.

ಮೂರನೇ ದಿನಕ್ಕೆ ಊರಿಂದ ವಾಪಸು ಬಂದು ಇಂಟರ್ನಲ್ಸ್ ಬರೆದವರು ನಮ್ಮ ಕ್ಲಾಸುಗಳಲ್ಲೂ ಇದ್ದಾರೆ. ‘ಈಗ ಓಕೆ ಅಲ್ವಾ?’ ಅಂತ ಕೇಳುತ್ತೇವೆ, ಅವರು ಹೂಂ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಸೋಫಿಯಾಳನ್ನು ಹೂಳುವಾಗ ಕೆರೊಲ್ ಹೋಗುವುದಿಲ್ಲ; ಅವಳನ್ನು ಬಲವಂತ ಮಾಡದೆ ಸುಮ್ಮನೆ ಜೊತೆಗೆ ಕೂರುವವನು ಡ್ಯಾರಿಲ್. ಆ ಭಾಗವನ್ನು ಓಡಿಸಿ ನೋಡಬೇಡಿ.

ಆಟಿಯಲ್ಲಿ ಮನೆಗೆ ಹೋದವರು ಅಜ್ಜಿ ಹತ್ತಿರ ಕೇಳಿ ಬನ್ನಿ: ಎಷ್ಟು ಎಲೆ ಹಾಕುತ್ತೀರಿ, ಯಾರ್ಯಾರಿಗೆ? ನೀವು ಈವರೆಗೆ ಕೇಳಿರದ, ಅಪ್ಪನ ಜೊತೆ ಹುಟ್ಟಿದ ಒಂದು ಮಗುವಿನ ಹೆಸರು ಅದರಲ್ಲಿ ಇದ್ದರೂ ಇರಬಹುದು.