ಹತ್ತು ರೂಪಾಯಿಯ ಬೆಳಕು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ ಬನಶಂಕರಿಗಳಿಗೆ ಅನತಿದೂರದಲ್ಲಿರುವ ಬಡಾವಣೆಯೊಂದನ್ನು ಜನರು ಜೆ. ಪಿ. ನಗರವೆಂದು ಕರೆಯುವರು. ಹೆಸರಿನ ಪೂರ್ಣರೂಪ ಜಯಪ್ರಕಾಶ ನಾರಾಯಣ ನಗರ. 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಹೂಡಿದ ಚಳವಳಿಯ ನೇತೃತ್ವವನ್ನು ವಹಿಸಿಕೊಂಡು, ‘ಸಂಪೂರ್ಣ ಕ್ರಾಂತಿ’ಯ ಕರೆಯನ್ನು ನೀಡಿದ ಹಿರಿಯರು ಅವರು. ತರುಣರು ದೇಶದ ಕಾರ್ಯದಲ್ಲಿ ಕೇವಲ ಪ್ರೇಕ್ಷಕರಾಗಿ ಉಳಿಯಬಾರದೆಂಬುದು ಅವರ ನಂಬಿಕೆಯಾಗಿತ್ತು. ಅವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಸೆಲ್ಕೋ ಎಂಬ ಸಂಸ್ಥೆಯ ಕಚೇರಿ ಇದೆ. ಇದು ಕ್ರಾಂತಿಯ ಘೋಷಣೆಯನ್ನೇನೂ ಮಾಡಿದ ಸಂಸ್ಥೆಯಲ್ಲ. ದೀಪಗಳನ್ನು ಮಾರುವುದು ಅದರ ಕಸುಬು. ಆದರೆ ಯಾರಿಗೆ ಮಾರುವುದು, ಹೇಗೆ ಮಾರುವುದು ಎಂಬಲ್ಲಿ ಅದರ ವಿಶೇಷವಿದೆ.

ಸಮಾಜಸೇವೆ ಎಂದೊಡನೆ ನಮ್ಮ ಮನಸ್ಸಿಗೆ ದಾನಧರ್ಮಗಳು ಹೊಳೆಯುತ್ತವೆ. ವ್ಯಾಪಾರ ಎಂದೊಡನೆ ಲಾಭ ಹೊಳೆಯುತ್ತದೆ. ಇವೆರಡೂ ಪರಸ್ಪರ ವಿರುದ್ಧವಾದವುಗಳೆಂದು ಭಾವಿಸುವುದು ವಾಡಿಕೆ. ಜನರ ಒಂದು ಕೊರತೆಯನ್ನು ನೀಗುವುದಕ್ಕಾಗಿಯೇ ಉದ್ಯಮವನ್ನು ಆರಂಭಿಸಿ, ಅದು ತನ್ನ ಕಾಲಮೇಲೆ ತಾನು ನಿಲ್ಲುವಷ್ಟು ಆದಾಯವನ್ನು ಗಳಿಸುತ್ತ, ಆ ಕೊರತೆಯನ್ನು ನೀಗುವ ಕೆಲಸವನ್ನೇ ಮುಂದುವರಿಸುವ ಮೂರನೆಯ ಮಾರ್ಗವೊಂದುಂಟು. ಇದನ್ನು ಸಾಮಾಜಿಕ ಉದ್ಯಮಶೀಲತೆ ಎನ್ನುವರು. ಹೆಸರು ಹೊಸದು, ವಿಷಯವು ಕನ್ನಡನಾಡಿಗೆ ಅಷ್ಟೇನೂ ಹೊಸದಲ್ಲವೆಂಬುದು ಮುಂದೆ ತಿಳಿಯುವುದು.

ಸೆಲ್ಕೋ ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರು ಹರೀಶ ಹಂದೆಯವರು. ಇವರ ಮನೆತನದ ಮೂಲ ಕುಂದಾಪುರದ ಸೀಮೆ. ಬಾಲ್ಯವನ್ನು ಕಳೆದದ್ದು ಒರಿಸ್ಸಾದ ಉಕ್ಕಿನ ನಗರವಾದ ರೂರ್ಕೆಲಾದಲ್ಲಿ. ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಶಕ್ತಿ ಎಂಜಿನಿಯರಿಂಗ್ ವಿಷಯವನ್ನು ವ್ಯಾಸಂಗ ಮಾಡಿ, ಹೆಚ್ಚಿನ ಸಂಶೋಧನೆಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆ ದಿನಗಳಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯಕ್ಕೆ ಭೇಟಿ ಕೊಡುವ ಅವಕಾಶ ಅವರಿಗೊದಗಿತು. ಅಲ್ಲಿನ ಬಡ ಕುಟುಂಬಗಳು ಹಣ ತೆತ್ತು ಸೌರದೀಪಗಳನ್ನು ಉಪಯೋಗಿಸುತ್ತಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ತಾವು ಕೈಗೊಂಡಿದ್ದ ಸಂಶೋಧನೆಯ ದಿಕ್ಕನ್ನೇ ಬದಲಿಸಿ, ಗ್ರಾಮಗಳಿಗೆ ಸೌರವಿದ್ಯುತ್ತನ್ನು ಒದಗಿಸುವ ಸಮಸ್ಯೆಯನ್ನು ಎತ್ತಿಕೊಂಡರು. ಶ್ರೀಲಂಕೆಯ ಹಳ್ಳಿಗಳಲ್ಲಿ ಕೆಲವು ತಿಂಗಳು ವಾಸವಾಗಿದ್ದು ಜನಜೀವನವನ್ನು ಹತ್ತಿರದಿಂದ ಕಂಡರು. ಗ್ರಂಥಾಲಯದಲ್ಲಿ ದೊರೆಯದ ಪಾಠ ಅಲ್ಲಿ ಅವರಿಗೆ ದೊರೆಯಿತು.

1995ರಲ್ಲಿ ಹಂದೆಯವರು ಅಮೆರಿಕದ ನೆವಿಲ್ ವಿಲಿಯಮ್ಸ್ ಅವರೊಡಗೂಡಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದರು. ದೇಶವು ಆಗ ಒಂದು ಸಂಧಿಕಾಲದಲ್ಲಿತ್ತು. 1991ರ ಆರ್ಥಿಕ ಸುಧಾರಣೆಗಳ ಫಲವಾಗಿ ಪರವಾನಗಿಗಳ ಬಿಗಿ ಸಡಿಲವಾಗಿತ್ತು. ಬೆಂಗಳೂರಿನಲ್ಲಿ ಗಣಕಯಂತ್ರದ ಕಂಪನಿಗಳು ತಲೆಯೆತ್ತುತ್ತಿದ್ದವು; ಎಂಜಿನಿಯರಿಂಗ್ ಪದವೀಧರರು ಅತ್ತ ಧಾವಿಸುತ್ತಿದ್ದರು. ಅದೇ ರಾಜ್ಯದ ಅಸಂಖ್ಯ ಮನೆಗಳಲ್ಲಿ ಸಂಜೆಯಾಗುತ್ತಲೇ ಸೀಮೆಎಣ್ಣೆಯ ಬುಡ್ಡಿಯನ್ನು ಹಚ್ಚುತ್ತಿದ್ದರು. ಮಕ್ಕಳು ಅದರ ಹೊಗೆಯನ್ನು ಕುಡಿಯುತ್ತಲೇ ಪಾಠವನ್ನು ಓದಬೇಕಾಗಿತ್ತು.

ಅಂದಿನ ವಿದ್ಯಾವಂತರಲ್ಲಿ ಮೂರು ಅಭಿಪ್ರಾಯಗಳು ಬೇರೂರಿದ್ದವು. ಬಡವರಿಗೆ ಸೌರದೀಪವನ್ನು ಕೊಳ್ಳುವ ಶಕ್ತಿಯಿಲ್ಲ. ಕೊಂಡರೂ ಅದನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳಲು ಅವರಿಗೆ ಬಾರದು. ಇಂಥ ಜನರ ನಡುವೆ ನಡೆಸುವ ಕೆಲಸ ಉದ್ಯಮವಾಗಿ ಎಂದಿಗೂ ನಿಲ್ಲಲಾರದು. ಈ ಮೂರೂ ಮಿಥ್ಯೆಗಳೆಂದು ತೋರಿಸಿಕೊಡಲು ಹಂದೆಯವರು ಹೊರಟರು. ಮೂರರಲ್ಲಿ ಮೊದಲನೆಯದೇ ಕಠಿಣವಾದುದು.

ನಾಲ್ಕು ದೀಪಗಳ ಒಂದು ಸೌರವ್ಯವಸ್ಥೆಗೆ ಹದಿನೈದು ಸಾವಿರ ರೂಪಾಯಿ ಬೆಲೆ ಎಂದಿಟ್ಟುಕೊಳ್ಳೋಣ. ಕೂಲಿಯಿಂದ ಜೀವಿಸುವ ಕುಟುಂಬವು ಅಷ್ಟು ಹಣವನ್ನು ಒಮ್ಮೆಲೇ ತರುವುದು ಸಾಧ್ಯವಿಲ್ಲದ ಮಾತು. ಆದರೆ ಅದೇ ಕುಟುಂಬ ಸೀಮೆಎಣ್ಣೆಗೆ, ಮೇಣದಬತ್ತಿಗೆ, ಟಾರ್ಚಿನ ಸೆಲ್ಲುಗಳಿಗೆ ಪ್ರತಿ ತಿಂಗಳೂ ವೆಚ್ಚ ಮಾಡುತ್ತಲೇ ಇರುತ್ತದೆ. ಬೆಲೆಯ ಆರನೆಯ ಅಥವಾ ಏಳನೆಯ ಒಂದು ಭಾಗವನ್ನು ಮುಂಗಡವಾಗಿ ಕೊಟ್ಟು, ಉಳಿದುದನ್ನು ಬ್ಯಾಂಕಿನ ಸಾಲವಾಗಿ ಪಡೆದು ಐದು ವರ್ಷಗಳಲ್ಲಿ ತೀರಿಸುವುದಾದರೆ, ತಿಂಗಳ ಕಂತು ಮುನ್ನೂರು ರೂಪಾಯಿಗಳ ಆಸುಪಾಸಿಗೆ ಬರುತ್ತದೆ. ಅಂದಮೇಲೆ ಕೊರತೆ ಇದ್ದುದು ಹಣದ್ದಲ್ಲ. ಹಣವನ್ನು ಹೊಂದಿಸುವ ಕ್ರಮದ್ದು.

ಈ ಕ್ರಮವನ್ನು ಇನ್ನಷ್ಟು ಸೂಕ್ಷ್ಮವಾಗಿ ಕಲಿಸಿದವರು ಬೀದಿಬದಿಯ ವ್ಯಾಪಾರಿಗಳು. ಹಂದೆಯವರು ಹಲವು ಸಭೆಗಳಲ್ಲಿ ವಿವರಿಸಿರುವ ಪ್ರಸಂಗವೊಂದಿದೆ. ತಿಂಗಳಿಗೆ ಮುನ್ನೂರು ರೂಪಾಯಿ ಎಂದಾಗ ವ್ಯಾಪಾರಿಯೊಬ್ಬರು ಅದು ದುಬಾರಿಯೆಂದರಂತೆ. ದಿನಕ್ಕೆ ಹತ್ತು ರೂಪಾಯಿಯಾದರೆ ಕೊಡಬಹುದೆಂದರಂತೆ. ಗಣಿತದ ಪ್ರಕಾರ ಎರಡೂ ಒಂದೇ. ತರಗತಿಯಲ್ಲಿ ಈ ಉತ್ತರವನ್ನು ಬರೆದ ವಿದ್ಯಾರ್ಥಿಗೆ ಅಧ್ಯಾಪಕರು ಸೊನ್ನೆಯನ್ನು ಕೊಟ್ಟರೂ ಕೊಟ್ಟಾರು! ಆದರೆ ಬೆಳಗ್ಗೆ ತರಕಾರಿಯನ್ನು ತಂದು ಸಂಜೆಗೆ ಮಾರಿ, ಅಂದಿನ ಆದಾಯದಿಂದಲೇ ಅಂದಿನ ಅಕ್ಕಿಬೇಳೆಯನ್ನು ಕೊಳ್ಳುವವರ ಕೈಯಲ್ಲಿ ತಿಂಗಳ ಕೊನೆಗೆ ಮುನ್ನೂರು ರೂಪಾಯಿ ಒಟ್ಟಾಗಿ ಉಳಿಯುವುದಿಲ್ಲ. ದಿನಗೂಲಿಯ ಜೀವನದ ಲೆಕ್ಕ ಮಾಸಿಕ ವೇತನದ ಲೆಕ್ಕಕ್ಕಿಂತ ಬೇರೆ. ವ್ಯಾಪಾರಿಗೆ ಲೆಕ್ಕ ಬರುತ್ತಿತ್ತು. ಬಾರದಿದ್ದುದು ಕಂತನ್ನು ಗೊತ್ತುಮಾಡಿದವರಿಗೆ.

ಈ ತಿಳಿವಳಿಕೆ ಕನ್ನಡನಾಡಿನಲ್ಲಿ ಮೊದಲೇ ಇತ್ತೆಂಬುದನ್ನು ಮರೆಯಬಾರದು. 1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೂ ಅಂಗಡಿಗೂ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಜನರು ಬ್ಯಾಂಕಿಗೆ ಬರಲಾರದಿದ್ದರೆ ಬ್ಯಾಂಕೇ ಜನರ ಬಳಿಗೆ ಹೋಗಬೇಕೆಂಬುದು ಅದರ ತತ್ತ್ವ. ಸೌರದೀಪಗಳಿಗೆ ಸಾಲ ನೀಡಲು ಮುಂದೆ ಬಂದ ಮೊದಲಿಗರಲ್ಲಿ ಇದೇ ಸಿಂಡಿಕೇಟ್ ಬ್ಯಾಂಕೂ, ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಇದ್ದವು. ಆದರೂ ಬ್ಯಾಂಕುಗಳ ಮನವೊಲಿಸುವುದು ಸುಲಭವಾಗಿರಲಿಲ್ಲ. ಹಸುವಿಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಪಂಪಿಗೆ ಕೊಟ್ಟರೆ ಬೆಳೆ ಬರುತ್ತದೆ. ದೀಪದಿಂದ ಏನು ಬಂದೀತೆಂಬ ಸಂದೇಹ ಸಹಜವೇ. ಬೀಡಿ ಕಟ್ಟುವವರು, ಹೊಲಿಗೆಯವರು ರಾತ್ರಿ ಇನ್ನೆರಡು ಗಂಟೆ ದುಡಿದು ಕಂತನ್ನು ಕಟ್ಟಬಲ್ಲರೆಂಬುದನ್ನು ಮನೆಮನೆಯ ಉದಾಹರಣೆಗಳಿಂದಲೇ ತೋರಿಸಬೇಕಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿಯ ಹೊರೆಯನ್ನು ತಗ್ಗಿಸುವ ಯೋಜನೆಯನ್ನು ಕೈಗೊಂಡಿತು. ಸಾವಿರಾರು ಮನೆಗಳಿಗೆ ಇದರಿಂದ ಬೆಳಕು ಬಂದಿತು.

ಎಲ್ಲರಿಗೂ ಒಂದೇ ಬಗೆಯ ದೀಪವನ್ನು ಕೊಡುವುದು ಮಾರುವವನಿಗೆ ಅನುಕೂಲ; ಕೊಳ್ಳುವವನಿಗೆ ಅಲ್ಲ. ನಸುಕಿನಲ್ಲಿ ಹೂ ಬಿಡಿಸುವವರಿಗೆ ಎರಡು ಕೈಗಳೂ ಬೇಕು. ಒಂದು ಕೈಯಲ್ಲಿ ಲಾಟೀನನ್ನು ಹಿಡಿದರೆ ಕೆಲಸ ಅರ್ಧವಾಗುತ್ತದೆ. ಅವರಿಗೆ ಹಣೆಗೆ ಕಟ್ಟಿಕೊಳ್ಳುವ ದೀಪವೇ ತಕ್ಕದ್ದು. ಸೂಲಗಿತ್ತಿಯ ಅಗತ್ಯವೂ ಅಂತಹುದೇ. ಇಕ್ಕಟ್ಟಾದ ಮನೆಯೊಂದರಲ್ಲಿ ಒಂದೇ ದೀಪವು ಅಡಿಗೆಮನೆಗೂ ಹಜಾರಕ್ಕೂ ಬೆಳಕು ಬೀರುವಂತೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕುಶಲಕರ್ಮಿ ಯೋಚಿಸಬೇಕು.

ಎರಡನೆಯ ಮಿಥ್ಯೆಗೆ ಉತ್ತರವಾಗಿ ಬಂದವರು ಹಳ್ಳಿಯ ತರುಣರು. ಸೌರಫಲಕವು ಬಹುಕಾಲ ಬಾಳುವುದು, ಬ್ಯಾಟರಿ ಹಾಗಲ್ಲ. ಅದಕ್ಕೆ ಆಗಾಗ ಬಟ್ಟಿ ಇಳಿಸಿದ ನೀರನ್ನು ತುಂಬಬೇಕು, ತಂತಿಯ ಕೊನೆಗಳನ್ನು ಒರೆಸಬೇಕು, ಕೆಲವು ವರ್ಷಗಳಾದ ಮೇಲೆ ಬ್ಯಾಟರಿಯನ್ನೇ ಬದಲಾಯಿಸಬೇಕು. ದೀಪ ಆರಿಹೋದರೆ ಕಂತೂ ನಿಲ್ಲುವುದು. ಆದುದರಿಂದ ಸಂಸ್ಥೆಯು ದೂರದ ನಗರದಿಂದ ಎಂಜಿನಿಯರರನ್ನು ಕಳುಹಿಸುವ ಬದಲು, ಆಯಾ ತಾಲ್ಲೂಕಿನ ಭಾಷೆ, ದಾರಿ, ಮಳೆಗಾಲಗಳನ್ನು ಬಲ್ಲ ಯುವಕರಿಗೆ ತರಬೇತಿ ಕೊಟ್ಟು ಸೇವಾಕೇಂದ್ರಗಳನ್ನು ತೆರೆಯಿತು. ಊರಿನಲ್ಲೇ ಗೌರವದ ಉದ್ಯೋಗ ದೊರೆತ ಯುವಕನು ಬೆಂಗಳೂರಿನ ಬಸ್ಸನ್ನು ಹತ್ತಬೇಕಾಗಿಲ್ಲ. ದೀಪಕ್ಕಿಂತಲೂ ಇದು ದೊಡ್ಡ ಲಾಭವೆಂದರೆ ತಪ್ಪಾಗಲಾರದು.

ಉದ್ಯಮದ ದಾರಿಯೇನೂ ಸಲೀಸಾಗಿರಲಿಲ್ಲ. 2004ರ ವೇಳೆಗೆ ಜರ್ಮನಿಯ ಸರ್ಕಾರವು ಸೌರವಿದ್ಯುತ್ತಿಗೆ ಉದಾರವಾದ ಪ್ರೋತ್ಸಾಹವನ್ನು ಘೋಷಿಸಿತು. ಅಲ್ಲಿ ಸೌರಫಲಕಗಳಿಗೆ ಬೇಡಿಕೆ ಉಕ್ಕಿತು. ಪ್ರಪಂಚದ ಎಲ್ಲೆಡೆಯೂ ಅವುಗಳ ಬೆಲೆ ಏರಿತು. ಯೂರೋಪಿನ ಶಾಸನವೊಂದು ಉತ್ತರ ಕನ್ನಡದ ರೈತನ ದೀಪವನ್ನು ದುಬಾರಿಯನ್ನಾಗಿ ಮಾಡಿದ್ದು ಹೀಗೆ. ಅದೇ ಕಾಲದಲ್ಲಿ ಸಂಸ್ಥೆಯು ಅವಸರದಿಂದ ವಿಸ್ತರಿಸಲು ಹೊರಟಿದ್ದುದರಿಂದ ನಷ್ಟವನ್ನು ಅನುಭವಿಸಿತು. ಲಾಭವನ್ನು ಬೇಗನೆ ಅಪೇಕ್ಷಿಸುವ ಹಣಕ್ಕಿಂತ ತಾಳ್ಮೆಯುಳ್ಳ ಹಣ ಇಂಥ ಉದ್ಯಮಕ್ಕೆ ಹಿತವೆಂಬುದು ಆಗ ಮನವರಿಕೆಯಾಯಿತು. ಕ್ರಮೇಣ ಸಂಸ್ಥೆ ಚೇತರಿಸಿಕೊಂಡಿತು. 2011ರಲ್ಲಿ ಹಂದೆಯವರಿಗೆ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ ಸಂದಾಗ ಸುಮಾರು 1,20,000 ಮನೆಗಳಿಗೆ ಸಂಸ್ಥೆಯ ದೀಪಗಳು ತಲುಪಿದ್ದವು.

ತರುಣರನ್ನು ಕುರಿತು ಸರ್ಕಾರದ ನೀತಿಯು ಬೆಳೆದುಬಂದ ಬಗೆಯನ್ನು ಇಲ್ಲಿ ನೋಡಬಹುದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯೂ, 1972ರಲ್ಲಿ ನೆಹರೂ ಯುವಕ ಕೇಂದ್ರಗಳೂ ಆರಂಭವಾದವು. ದೇಶದ ಪ್ರಥಮ ರಾಷ್ಟ್ರೀಯ ಯುವನೀತಿ 1988ರಲ್ಲಿ ಹೊರಬಂದಿತು; 2003 ಮತ್ತು 2014ರಲ್ಲಿ ಅದನ್ನು ಹೊಸದಾಗಿ ರಚಿಸಲಾಯಿತು. 2003ರ ನೀತಿಯು 13ರಿಂದ 35 ವರ್ಷದವರನ್ನು ಯುವಜನರೆಂದು ಎಣಿಸಿದರೆ, 2014ರದು 15ರಿಂದ 29ರವರೆಗೆಂದು ಹೇಳಿತು. ಒಂಬತ್ತನೆಯ ತರಗತಿಯ ಬಾಲಕನೂ ನೀತಿಯ ದೃಷ್ಟಿಯಲ್ಲಿ ಯುವಕನಾಗಿರಬಹುದು! ಮೊದಲಿನ ಯೋಜನೆಗಳಲ್ಲಿ ಶ್ರಮದಾನ, ಶಿಸ್ತುಗಳಿಗೆ ಪ್ರಾಧಾನ್ಯವಿತ್ತು. 2015ರ ಕೌಶಲಾಭಿವೃದ್ಧಿ ಮತ್ತು ಉದ್ಯಮಶೀಲತಾ ನೀತಿಯಲ್ಲಿ ಸಾಮಾಜಿಕ ಉದ್ಯಮಶೀಲತೆಗೆ ಸ್ಪಷ್ಟವಾದ ಸ್ಥಾನ ದೊರೆಯಿತು. ಕರ್ನಾಟಕವು 2024ರ ಜನವರಿಯಲ್ಲಿ ಯುವನಿಧಿ ಯೋಜನೆಯನ್ನು ಜಾರಿಗೆ ತಂದು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನೂ ಗರಿಷ್ಠ ಎರಡು ವರ್ಷಗಳ ಕಾಲ ನೀಡಲು ಉಪಕ್ರಮಿಸಿತು. ಭತ್ಯೆಯು ಕಷ್ಟಕಾಲಕ್ಕೆ ಊರುಗೋಲು. ಕಸುಬನ್ನು ಕಲಿಸುವ ಕೆಲಸ ಬೇರೆಯೇ. ಅದನ್ನು 1982ರಷ್ಟು ಹಿಂದೆಯೇ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ತೋರಿಸಿಕೊಟ್ಟಿತು. ನಿರುದ್ಯೋಗಿ ಯುವಕರಿಗೆ ಅಲ್ಪಾವಧಿಯ ತರಬೇತಿಯನ್ನು ಉಚಿತವಾಗಿ ಕೊಟ್ಟು, ಅನಂತರ ಬ್ಯಾಂಕಿನ ಸಾಲವನ್ನು ಪಡೆಯುವವರೆಗೆ ಕೈಹಿಡಿದು ನಡೆಸುವುದು ಅದರ ಪದ್ಧತಿ. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರವು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳಿಗೆ ಬೆಂಬಲ ನೀಡಿತು.

ಸಾಮಾಜಿಕ ಉದ್ಯಮವನ್ನು ಒಪ್ಪದವರೂ ಉಂಟು. ಬೆಳಕು ಪ್ರಜೆಯ ಹಕ್ಕು, ಅದನ್ನು ಒದಗಿಸುವುದು ಸರ್ಕಾರದ ಕರ್ತವ್ಯ. ನಗರದ ಮನೆಗೆ ಕಂಬದಿಂದ ತಂತಿ ಬರುವಾಗ ಕಾಡಂಚಿನ ಬಡವನು ಮಾತ್ರ ಸಾಲ ಮಾಡಿ ದೀಪವನ್ನು ಏಕೆ ಕೊಳ್ಳಬೇಕು ಎಂದು ಅವರು ಕೇಳುವರು. ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ತಂತಿಯು ಬರುವ ತನಕ ಒಂದು ತಲೆಮಾರಿನ ಮಕ್ಕಳ ಓದು ಕಾಯುವುದಿಲ್ಲ. 2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಗ್ರಾಮಗಳಿಗೂ ವಿದ್ಯುತ್ ಸಂಪರ್ಕ ದೊರೆಯಿತೆಂದು ಸರ್ಕಾರವು ಘೋಷಿಸಿತು. ಇದರಿಂದ ಸೌರದೀಪದ ಕೆಲಸ ಮುಗಿಯಲಿಲ್ಲ; ಅದರ ಸ್ವರೂಪ ಬದಲಾಯಿತು. 2010ರಲ್ಲಿ ಸ್ಥಾಪಿತವಾದ ಸೆಲ್ಕೋ ಪ್ರತಿಷ್ಠಾನವು ಹೊಲಿಗೆಯಂತ್ರ, ರೊಟ್ಟಿಯ ಯಂತ್ರ, ಹಾಲು ಕರೆಯುವ ಯಂತ್ರಗಳನ್ನು ಸೂರ್ಯಶಕ್ತಿಯಿಂದ ನಡೆಸುವ ಪ್ರಯೋಗಗಳಿಗೆ ಗಮನ ಕೊಟ್ಟಿತು. ವಿದ್ಯುತ್ತು ಕೈಕೊಟ್ಟಾಗಲೂ ಲಸಿಕೆಗಳು ಕೆಡದಂತೆ, ಹೆರಿಗೆಯ ಕೋಣೆಯಲ್ಲಿ ಬೆಳಕು ಆರದಂತೆ ಆರೋಗ್ಯಕೇಂದ್ರಗಳಿಗೆ ಸೌರಫಲಕಗಳನ್ನು ಜೋಡಿಸುವ ಕಾರ್ಯವೂ ನಡೆಯಿತು.

ಮಕ್ಕಳಿಗಾಗಿ ಸಂಸ್ಥೆಯು ರೂಪಿಸಿದ ಒಂದು ಯೋಜನೆ ಬಹಳ ಸರಳವಾದುದು. ಶಾಲೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂರಿಸುವರು. ವಿದ್ಯಾರ್ಥಿಯ ಬಳಿ ಒಂದು ಪುಟ್ಟ ದೀಪವೂ ಬ್ಯಾಟರಿಯೂ ಇರುವುವು. ಬೆಳಗ್ಗೆ ಪುಸ್ತಕಗಳೊಂದಿಗೆ ಬ್ಯಾಟರಿಯನ್ನೂ ಚೀಲದಲ್ಲಿಟ್ಟು ತಂದರೆ, ಪಾಠಗಳು ನಡೆಯುವ ಹೊತ್ತಿಗೆ ಅದು ಶಾಲೆಯಲ್ಲಿ ಶಕ್ತಿಯನ್ನು ತುಂಬಿಕೊಳ್ಳುತ್ತದೆ. ಸಂಜೆ ಅದನ್ನು ಮನೆಗೆ ಒಯ್ದು ದೀಪಕ್ಕೆ ಸಿಕ್ಕಿಸಿಕೊಳ್ಳಬೇಕು. ಶಾಲೆಗೆ ತಪ್ಪಿಸಿಕೊಂಡ ದಿನ ಬ್ಯಾಟರಿ ತುಂಬುವುದಿಲ್ಲ. ಅಂದು ರಾತ್ರಿ ಮನೆಯಲ್ಲಿ ಆ ದೀಪ ಉರಿಯುವುದಿಲ್ಲ.